ಕುದುರೆಮುಖಕ್ಕೆ ಹೋಗುವವರಿಗೆ: ಗುಡ್ಡಕ್ಕೊಂದು ದಿನ, ಕಾಡಿಗೊಂದು ದಿನ

ಕುದುರೆಮುಖದ ಚಾರಣ ಶುರುವಾಗುವ ಹಳ್ಳಿ ಮುಳ್ಳೋಡಿಯ ಮನೆಯಂಗಳಗಳಲ್ಲಿ ಸಂಜೆ ಹೊತ್ತು ಶೂ ಬಿಚ್ಚಿ, ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಕೀಳುತ್ತಾ ಕುಳಿತವರ ಬಾಯಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಗುಡ್ಡವೇನೋ ಅದ್ಭುತ, ಆದರೆ ಪ್ರಾಣಿ ಒಂದೂ ಕಾಣಲಿಲ್ಲ." ಮೊದಲ ಸಲ ಹೋದಾಗ ನಾನೂ ಇದನ್ನೇ ಹೇಳಿದ್ದೆ. ಊಟ ಬಡಿಸುತ್ತಿದ್ದ ಮನೆಯ ಅಮ್ಮ ಸೌಟು ಹಿಡಿದುಕೊಂಡೇ ಕೇಳಿದರು: "ಬೆಳಗಿನಿಂದ ಇಪ್ಪತ್ತು ಕಿಲೋಮೀಟರ್ ನಡೆದಿರಿ ಮಾರಾಯರೇ, ನಿಂತದ್ದು ಎಷ್ಟು ಹೊತ್ತು?"

ಲೆಕ್ಕ ಹಾಕಿದೆ. ಫೋಟೊ ತೆಗೆಯಲು ನಿಂತದ್ದು ಬಿಟ್ಟರೆ ನಿಂತದ್ದೇ ಇಲ್ಲ.

ಆಮೇಲೆ ಬೇರೆ ಬೇರೆ ತಿಂಗಳುಗಳಲ್ಲಿ ಹಲವು ಬಾರಿ ಹೋಗಿಬಂದಿದ್ದೇನೆ. ಕಲಿತದ್ದನ್ನೆಲ್ಲ ಒಂದು ಸಾಲಿಗೆ ಇಳಿಸಬಹುದು: ಚಾರಣಕ್ಕೂ ಪ್ರಾಣಿ ಪಕ್ಷಿ ನೋಡುವುದಕ್ಕೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಗುಡ್ಡ ಹತ್ತುವವನಿಗೆ ಗಡಿಯಾರದ ಮೇಲೆ ಕಣ್ಣು, ಕಾಡು ನೋಡುವವನಿಗೆ ಮರದ ಮೇಲೆ ಕಣ್ಣು. ಎರಡನ್ನೂ ಒಟ್ಟಿಗೆ ಮಾಡಲು ಹೋದವರಿಗೆ ಕೊನೆಗೆ ಉಳಿಯುವುದು ಮಂಡಿನೋವು ಮಾತ್ರ. ಇಲ್ಲಿ ನಾಗರಹೊಳೆ, ಬಂಡೀಪುರದಂತೆ ಜೀಪಿನಲ್ಲಿ ಕೂರಿಸಿ ಕೆರೆಯ ಏರಿಗೆ ಕರೆದೊಯ್ದು ಆನೆ ತೋರಿಸುವ ವ್ಯವಸ್ಥೆಯಿಲ್ಲ. ಸುಮಾರು 600 ಚದರ ಕಿ.ಮೀ. ಹರಡಿಕೊಂಡ ಈ ರಾಷ್ಟ್ರೀಯ ಉದ್ಯಾನ ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಯಲ್ಲಿ ಘಟ್ಟದ ಬೆನ್ನಿಗೆ ಆತುಕೊಂಡಿದೆ. ಮೇಲೆ ಹುಲ್ಲಿನ ಬೋಳುಗುಡ್ಡ, ಗುಡ್ಡಗಳ ಸಂದಿಯಲ್ಲಿ ಶೋಲಾ ಎಂದು ಕರೆಯುವ ಸಣ್ಣ ಕಾಡು, ಪಶ್ಚಿಮದ ಇಳಿಜಾರಿನಲ್ಲಿ ಹಗಲಲ್ಲೂ ಬೆಳಕು ಕಡಿಮೆ ಇರುವ ನಿತ್ಯಹರಿದ್ವರ್ಣ ಕಾಡು. ಪ್ರಾಣಿಗಳಿಗೆ ಅಡಗಲು ಇಲ್ಲಿ ಜಾಗ ಬೇಕಾದಷ್ಟಿದೆ, ನಮ್ಮ ಎದುರಿಗೆ ಬಂದು ನಿಲ್ಲಬೇಕಾದ ದರ್ದಿಲ್ಲ.

ಮೊದಲು ತಿಂಗಳು ಗೊತ್ತುಮಾಡಿ

ಕುದುರೆಮುಖಕ್ಕೆ ಇರುವುದು ಮೂರು ಕಾಲ: ಮಳೆ, ಮಳೆ ಬಿಟ್ಟ ಹೊತ್ತು, ಬೆಂಕಿಯ ಭಯದ ಹೊತ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯ ಬಗ್ಗೆ ಬಯಲುಸೀಮೆಯವರಿಗೆ ಬಾಯಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುವ ಜಾಗ ಇದು, ಅದರಲ್ಲಿ ದೊಡ್ಡ ಪಾಲು ಈ ನಾಲ್ಕು ತಿಂಗಳುಗಳದ್ದು. ಮೊಬೈಲಿನಲ್ಲಿ ನೀವು ನೋಡಿ ಮರುಳಾದ ಆ ಹಸಿರು ಗುಡ್ಡದ ಚಿತ್ರ ಈ ಕಾಲದ್ದೇ. ಆದರೆ ಆ ಚಿತ್ರ ತೆಗೆದವನು ಮಂಜು ಸರಿಯಲಿ ಎಂದು ಎಷ್ಟು ಹೊತ್ತು ನೆನೆಯುತ್ತಾ ನಿಂತಿದ್ದ ಎಂಬುದು ಚಿತ್ರದಲ್ಲಿ ಇರುವುದಿಲ್ಲ. ಜುಲೈ ತಿಂಗಳಲ್ಲಿ ತುದಿ ಮುಟ್ಟಿ, ಎದುರಿಗೆ ಬಿಳಿ ಗೋಡೆಯೊಂದನ್ನು ಬಿಟ್ಟು ಮತ್ತೇನನ್ನೂ ನೋಡದೆ ಇಳಿದು ಬಂದಿದ್ದೇನೆ. ಮಳೆ ಹೆಚ್ಚಾದರೆ ಚಾರಣವನ್ನೇ ನಿಲ್ಲಿಸುವುದೂ ಉಂಟು. ಹೊರಡುವ ಹಿಂದಿನ ದಿನ ಜಿಲ್ಲೆಯ ಮಳೆಯ ಮುನ್ಸೂಚನೆ ನೋಡಿ, ಉಳಿಯುವ ಮನೆಗೊಂದು ಫೋನ್ ಮಾಡಿ ಕೇಳಿಕೊಳ್ಳಿ.

ನನ್ನನ್ನು ಕೇಳಿದರೆ ಅಕ್ಟೋಬರ್ ಎರಡನೇ ವಾರದಿಂದ ಡಿಸೆಂಬರ್ ಕೊನೆಯವರೆಗಿನ ಹೊತ್ತೇ ಸರಿ. ಹಳ್ಳಗಳಲ್ಲಿ ನೀರಿರುತ್ತದೆ, ಹುಲ್ಲು ಇನ್ನೂ ಹಸಿರು, ಇಂಬಳ ಕಡಿಮೆ, ಬೆಳಗ್ಗೆ ಕಣಿವೆಗಳಲ್ಲಿ ಮಂಜು ಹಾಲಿನಂತೆ ನಿಂತಿರುತ್ತದೆ. ಜನವರಿಯಲ್ಲಿ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಕಾಟಿಗಳ (ಕಾಡುಕೋಣಗಳ) ಕಪ್ಪು ಮೈ ದೂರದಿಂದಲೇ ಎದ್ದು ಕಾಣುತ್ತದೆ. ಆಮೇಲೆ ಬೆಂಕಿಯ ಭಯ ಶುರು. ಒಣಹುಲ್ಲಿನ ಗುಡ್ಡಕ್ಕೆ ಒಂದು ಬೀಡಿಯ ತುಂಡು ಸಾಕು. ಹಾಗಾಗಿ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಸಾಮಾನ್ಯವಾಗಿ ಚಾರಣದ ದಾರಿಗಳನ್ನು ಮುಚ್ಚುತ್ತದೆ. ಮಕ್ಕಳಿಗೆ ರಜೆ ಎಂದು ಏಪ್ರಿಲ್‌ನಲ್ಲಿ ಹೊರಟವರು ಚೆಕ್‌ಪೋಸ್ಟಿನಿಂದ ಹಿಂದಿರುಗುವುದನ್ನು ಕಂಡಿದ್ದೇನೆ.

ವಾರದ ನಡುವೆ ಹೋಗಲು ಸಾಧ್ಯವಾದರೆ ಹೋಗಿ. ಶನಿವಾರ, ಭಾನುವಾರ ಗುಡ್ಡದ ದಾರಿ ಜಾತ್ರೆಯ ದಾರಿಯಂತಿರುತ್ತದೆ.

ಟಿಕೆಟ್ ಕೈಯಲ್ಲಿಲ್ಲದೆ ಮನೆ ಬಿಡಬೇಡಿ

ಹಿಂದೆಲ್ಲ ಮುಳ್ಳೋಡಿಗೆ ಹೋಗಿ, ಅಲ್ಲಿಯೇ ಹಣ ಕಟ್ಟಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹತ್ತಬಹುದಿತ್ತು. ಆ ಕಾಲ ಮುಗಿಯಿತು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಂದೇ ದಿನ ಜನ ಮುಗಿಬಿದ್ದ ಮೇಲೆ ಸರ್ಕಾರ ಎಚ್ಚೆತ್ತುಕೊಂಡು, ರಾಜ್ಯದ ಚಾರಣ ದಾರಿಗಳಿಗೆ ಆನ್‌ಲೈನ್ ಟಿಕೆಟ್ ಕಡ್ಡಾಯ ಮಾಡಿತು. ಈಗ 'ಅರಣ್ಯ ವಿಹಾರ' ಎಂಬ ಸರ್ಕಾರಿ ಜಾಲತಾಣದಲ್ಲಿ ದಿನ ಆರಿಸಿ, ಪ್ರತಿಯೊಬ್ಬರ ಹೆಸರು, ಗುರುತಿನ ಚೀಟಿಯ ವಿವರ ಕೊಟ್ಟು ಟಿಕೆಟ್ ಪಡೆಯಬೇಕು. ಕುದುರೆಮುಖದ ತುದಿಗೆ ದಿನಕ್ಕೆ 300 ಮಂದಿಗೆ ಮಾತ್ರ ಅವಕಾಶ. ಮಳೆಗಾಲದ ವಾರಾಂತ್ಯದ ಟಿಕೆಟ್‌ಗಳು ನೋಡುನೋಡುತ್ತಲೇ ಖಾಲಿಯಾಗುತ್ತವೆ. ಶುಲ್ಕ ಆಗಾಗ ಬದಲಾಗುವುದರಿಂದ ಅದನ್ನು ಅಲ್ಲಿಯೇ ನೋಡಿಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಒಂದು ಸಲ ಉಳಿಯುವ ಜಾಗದವರು "ಟಿಕೆಟ್ ನಮಗೆ ಬಿಡಿ, ಇಲ್ಲೇ ಆಗುತ್ತದೆ" ಎಂದು ಮುಂಗಡ ತೆಗೆದುಕೊಂಡರು. ಬೆಳಗ್ಗೆ ಆರಕ್ಕೆ ಗೇಟಿನ ಬಳಿ ನಿಂತಾಗ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಬೆಂಗಳೂರಿನಿಂದ ರಾತ್ರಿಯಿಡೀ ಕುಳಿತು ಬಂದ ಐದು ಮಂದಿ, ಜೀಪಿನ ಬಾಡಿಗೆಯನ್ನೂ ತೆತ್ತು, ಕಾಫಿ ಕುಡಿದು ವಾಪಸಾದೆವು. ವನಪಾಲಕನ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಅವನ ಕೈಯಲ್ಲಿರುವುದು ಪಟ್ಟಿ ಮಾತ್ರ. ಟಿಕೆಟ್ ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲಿನಲ್ಲಿ ಇರಲಿ. ಕಾಗದದ ಮೇಲೂ ಒಂದು ಪ್ರತಿ ಇರಲಿ, ಏಕೆಂದರೆ ಮೇಲೆ ಸಿಗ್ನಲ್ ಇರುವುದಿಲ್ಲ. ಆಧಾರ್ ಅಥವಾ ಇನ್ನಾವುದಾದರೂ ಮೂಲ ಗುರುತಿನ ಚೀಟಿ ಜೊತೆಗಿರಲಿ.

ದಾರಿ ಮತ್ತು ತಂಗುವ ಮನೆ

ಬೆಂಗಳೂರಿನಿಂದ ಕಳಸಕ್ಕೆ ರಾತ್ರಿ ಬಸ್ಸುಗಳಿವೆ. ಹೊರನಾಡಿಗೆ ಹೋಗುವ ಬಸ್ಸುಗಳೂ ಕಳಸದ ಮೇಲೆಯೇ ಹೋಗುತ್ತವೆ. ಸ್ವಂತ ವಾಹನವಾದರೆ ಮೂಡಿಗೆರೆ, ಕೊಟ್ಟಿಗೆಹಾರದ ದಾರಿ. ಮಂಗಳೂರಿನವರು ಕಾರ್ಕಳ, ಬಜಗೋಳಿ, ಮಾಳದ ಘಟ್ಟ ಹತ್ತಿ ಬರುತ್ತಾರೆ. ಈ ಎರಡನೆಯ ದಾರಿಯೇ ಅರ್ಧ ಪ್ರವಾಸ. ಉದ್ಯಾನದ ಒಳಗಿನಿಂದ ಹಾದು ಹೋಗುವುದರಿಂದ ಚೆಕ್‌ಪೋಸ್ಟ್‌ಗಳಲ್ಲಿ ವಾಹನದ ಸಂಖ್ಯೆ, ಸಮಯ ಬರೆದುಕೊಳ್ಳುತ್ತಾರೆ. ನಡುವೆ ಎಲ್ಲೆಂದರಲ್ಲಿ ನಿಲ್ಲಿಸಿ ಚಾಪೆ ಹಾಸುವಂತಿಲ್ಲ. ಎಸ್.ಕೆ. ಬಾರ್ಡರ್ ಎಂಬ ಹೆಸರು ಕೇಳಿ ಕೆಲವರು ಕಕ್ಕಾಬಿಕ್ಕಿಯಾಗುತ್ತಾರೆ. ಅದು ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ. ಜಿಲ್ಲೆಯ ಹೆಸರು ಬದಲಾದರೂ ಕಾಡಿನ ನಡುವಿನ ಈ ತಿರುವು ಹಳೆಯ ಹೆಸರನ್ನು ಬಿಟ್ಟಿಲ್ಲ.

ಕಳಸ, ಸಂಸೆ, ಮುಳ್ಳೋಡಿಗಳಲ್ಲಿ ಹೋಮ್‌ಸ್ಟೇಗಳಿವೆ. ಮುಳ್ಳೋಡಿಯಲ್ಲೇ ಉಳಿದರೆ ಬೆಳಗ್ಗೆ ಒಂದೂವರೆ ಗಂಟೆ ಉಳಿಯುತ್ತದೆ. ಸಂಸೆಯ ಕಡೆಯಿಂದ ಮುಳ್ಳೋಡಿಗೆ ಹೋಗುವ ದಾರಿಯಲ್ಲಿ ನಿಮ್ಮ ಕಾರು ಹೋಗುವುದಿಲ್ಲ. ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಕಾರನ್ನು ಕೇಳಿ. ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತರೆ ತಲೆ ಮೇಲಿನ ಕಂಬಿಗೆ ಎಷ್ಟು ಸಲ ಬಡಿಯಿತು ಎಂದು ಎಣಿಸುವುದೇ ಕೆಲಸ. ಬಾಡಿಗೆಯನ್ನು ಹೋಗುವ ಬರುವ ಎರಡೂ ಹೊತ್ತಿಗೆ ಸೇರಿಸಿ ಮೊದಲೇ ಮಾತಾಡಿಕೊಳ್ಳಿ.

ಗುಡ್ಡದ ಮೇಲೆ ಟೆಂಟ್ ಹಾಕಿ ರಾತ್ರಿ ಕಳೆಯಲು ಅನುಮತಿಯಿಲ್ಲ. "ನಮಗೆ ಗೊತ್ತಿರುವವರಿದ್ದಾರೆ" ಎನ್ನುವವರ ಹಿಂದೆ ಹೋಗಬೇಡಿ.

ಚೀಲದಲ್ಲಿ ಏನಿರಬೇಕು

ಪಟ್ಟಿ ಚಿಕ್ಕದು. ಹಿಡಿತವಿರುವ ಅಡಿಯ ಶೂ ಎಲ್ಲಕ್ಕಿಂತ ಮುಖ್ಯ. ಅಂಗಡಿಯಿಂದ ನೇರ ಗುಡ್ಡಕ್ಕೆ ತಂದ ಹೊಸ ಶೂ ಬೇಡ, ಅದು ಇಳಿಯುವಾಗ ಹೆಬ್ಬೆರಳಿನ ಉಗುರನ್ನು ತಿನ್ನುತ್ತದೆ. ಸ್ಥಳೀಯರು ಮಳೆಗಾಲದಲ್ಲಿ ಗಂಬೂಟು ಹಾಕಿ ನಿರಾಯಾಸವಾಗಿ ಹತ್ತುತ್ತಾರೆ, ಅಭ್ಯಾಸವಿಲ್ಲದ ನಾವು ಅದನ್ನು ಹಾಕಿದರೆ ಹಿಮ್ಮಡಿ ಸುಲಿದುಕೊಳ್ಳುತ್ತೇವೆ. ಮೈಮುಚ್ಚುವ ಮಳೆ ಅಂಗಿ ಬೇಕು, ಕೊಡೆ ಬೇಡ. ಗುಡ್ಡದ ಏಣಿನ ಮೇಲಿನ ಗಾಳಿ ಕೊಡೆಯನ್ನು ತಿರುಗಿಸಿ ಕೈಗೆ ಕೊಡುತ್ತದೆ. ಹಿಂದಿನವರು ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಇಳಿಯುತ್ತಿದ್ದುದು ಸುಮ್ಮನೆ ಅಲ್ಲ. ಒಣ ಕಾಲುಚೀಲ ಎರಡು ಜೊತೆ, ಬಟ್ಟೆಗಳನ್ನು ಸುತ್ತಲು ನೀರು ಹೋಗದ ಚೀಲ, ಸಣ್ಣ ಟಾರ್ಚು, ನೋವಿನ ಮುಲಾಮು, ಬ್ಯಾಂಡೇಜು, ಎರಡು ಲೀಟರ್ ನೀರಿನ ಸ್ಟೀಲ್ ಬಾಟಲಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತರಬೇಡಿ, ಗೇಟಿನಲ್ಲಿ ಚೀಲ ತೆರೆದು ನೋಡುತ್ತಾರೆ. ನೋಡಬೇಕಾದ್ದೇ.

ಮಧ್ಯಾಹ್ನಕ್ಕೆ ಉಳಿದ ಮನೆಯವರೇ ಚಿತ್ರಾನ್ನವನ್ನೋ ಪುಳಿಯೋಗರೆಯನ್ನೋ ಕಟ್ಟಿಕೊಡುತ್ತಾರೆ. ಸ್ಟೀಲ್ ಡಬ್ಬಿ ನೀವೇ ಕೊಟ್ಟರೆ ಅವರಿಗೂ ಸಂತೋಷ. ಜೊತೆಗೆ ಒಂದು ಹಿಡಿ ಹುರಿಗಡಲೆ, ಒಂದು ಅಚ್ಚು ಬೆಲ್ಲ. ಕೊನೆಯ ಏರಿನಲ್ಲಿ ಅದು ಕೊಡುವ ಬಲವನ್ನು ಯಾವ ಚಾಕೊಲೇಟೂ ಕೊಟ್ಟದ್ದಿಲ್ಲ.

ಕಾಡಿನ ದಿನಕ್ಕೆಂದು ಒಂದು ದುರ್ಬೀನು ತನ್ನಿ. ಸ್ವಂತದ್ದು ಇಲ್ಲದಿದ್ದರೆ ಯಾರಿಂದಲಾದರೂ ಎರವಲು ಪಡೆಯಿರಿ.

ಇಂಬಳ, ಉಣುಗು, ಹಾವು

ಜನ ಹೆದರುವುದು ಇಂಬಳಕ್ಕೆ, ಹೆದರಬೇಕಾದದ್ದು ಬೇರೆಯದಕ್ಕೆ.

ಇಂಬಳ ಕಚ್ಚುವಾಗ ನೋವಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಗಾಯಕ್ಕೆ ಬಿಡುತ್ತದೆ, ಅದಕ್ಕೇ ಇಂಬಳ ಉದುರಿದ ಮೇಲೂ ರಕ್ತ ಸುಮಾರು ಹೊತ್ತು ಹರಿಯುತ್ತದೆ. ನೋಡಲು ಕೊಲೆಯಾದಂತೆ ಕಂಡರೂ ಹೋಗುವ ರಕ್ತ ಅಷ್ಟಿಷ್ಟೇ. ಮಲೆನಾಡಿನವರು ಹೊಗೆಸೊಪ್ಪು, ಸುಣ್ಣ, ಉಪ್ಪು ಬಳಸುತ್ತಾರೆ. ನಾನು ಕಾಲಿಗೆ ಎಣ್ಣೆ ಸವರಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸುತ್ತೇನೆ. ಉಪ್ಪನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕೋಲಿನ ತುದಿಗೆ ಕಟ್ಟಿಕೊಂಡರೆ ಬಗ್ಗದೆಯೇ ಮುಟ್ಟಿಸಿ ಬಿಡಿಸಬಹುದು. ಹತ್ತಿದ್ದನ್ನು ಎಳೆದು ಕೀಳುವ ಬದಲು ಉಗುರಿನಿಂದ ಬಾಯಿಯ ಬದಿ ಸರಿಸಿ ಬಿಡಿಸಿ, ಗಾಯವನ್ನು ತೊಳೆದು ಒತ್ತಿಹಿಡಿಯಿರಿ. ಮುಖ್ಯವಾಗಿ, ಇಂಬಳ ಹೆಚ್ಚಿರುವ ಕಾಡಿನ ತೇವದ ದಾರಿಯಲ್ಲಿ ನಿಲ್ಲದೆ ದಾಟಿ, ಬಿಸಿಲು ಬೀಳುವ ಬಂಡೆಯ ಮೇಲೆ ನಿಂತು ಕಾಲು ನೋಡಿಕೊಳ್ಳಿ.

ಉಣುಗಿನ (ಉಣ್ಣೆಹುಳದ) ವಿಷಯ ಹಾಗಲ್ಲ. ಮಂಗನ ಕಾಯಿಲೆ ಎಂದು ನಾವು ಕರೆಯುವ ಜ್ವರ 1957ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ನಡುವೆ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲೂ ಪ್ರಕರಣಗಳು ಕಂಡಿವೆ. ಆ ತಿಂಗಳುಗಳಲ್ಲಿ ಹೋಗುವವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ಸಂಜೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಊರಿಗೆ ಮರಳಿದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಎಂಬ ಮಾತನ್ನು ತಪ್ಪದೆ ಹೇಳಿ. ನಗರದ ವೈದ್ಯರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಹಾವುಗಳಲ್ಲಿ ಕಾಳಿಂಗ ದೊಡ್ಡ ಹೆಸರು. ಆದರೆ ಅದು ನಿಮ್ಮ ಹೆಜ್ಜೆಯ ಸದ್ದಿಗೇ ಸರಿದು ಹೋಗುತ್ತದೆ. ಮಳೆಗಾಲದಲ್ಲಿ ಗಮನ ಇಡಬೇಕಾದದ್ದು ಸಣ್ಣ ಪೊದೆಯ ಟೊಂಗೆಯ ಮೇಲೆ ಎಲೆಯಂತೆ ಸುರುಳಿ ಸುತ್ತಿ ಕೂರುವ ಮಲಬಾರ್ ಗುಳಿಮಂಡಲದ ಮೇಲೆ. ಅದು ಸರಿಯುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ನಮ್ಮ ದೇಶದಲ್ಲಿ ಸಿಗುವ ಸಾಮಾನ್ಯ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ಕಾಳಿಂಗವಾಗಲಿ ಗುಳಿಮಂಡಲವಾಗಲಿ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಏರುವಾಗ ಕಣ್ಣಿಟ್ಟು ನೋಡದೆ ಯಾವ ಗಿಡವನ್ನೂ ಹಿಡಿಯಬೇಡಿ.

ಗುಡ್ಡದ ದಿನ

ಕುದುರೆಮುಖದ ತುದಿ 1,894 ಮೀಟರ್. ಮುಳ್ಳೋಡಿಯಿಂದ ಹೋಗಿಬರುವ ದಾರಿ ಸುಮಾರು 20 ಕಿ.ಮೀ. ದೂರಕ್ಕಿಂತ ಏರಿಳಿತವೇ ಸುಸ್ತು ಮಾಡುತ್ತದೆ. ದಿನಾ ಒಂದೆರಡು ಗಂಟೆ ನಡೆಯುವ ಅಭ್ಯಾಸ ಇರುವವರು ಎಂಟು ಒಂಬತ್ತು ಗಂಟೆಯಲ್ಲಿ ಮುಗಿಸಬಹುದು. ಕುರ್ಚಿ ಬಿಟ್ಟು ಏಳದವರು ಹೋಗುವ ತಿಂಗಳ ಮೊದಲೇ ಮೆಟ್ಟಿಲು ಹತ್ತಿಳಿಯುವುದನ್ನು ರೂಢಿಸಿಕೊಳ್ಳಿ. ಇಳಿಯುವುದನ್ನೇ ಹೆಚ್ಚು, ಏಕೆಂದರೆ ಕೊನೆಗೆ ಕೈಕೊಡುವುದು ಮಂಡಿ.

ಬೆಳಕು ಹರಿಯುತ್ತಿದ್ದಂತೆ ಹೊರಡಿ. ಮೊದಲ ಭಾಗ ಗದ್ದೆ, ಹಳ್ಳ, ಕಾಡಿನ ಅಂಚು. ಹಳ್ಳಗಳನ್ನು ದಾಟುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ: ಬೆಳಗ್ಗೆ ಮೀನಖಂಡಕ್ಕೆ ಬರುವ ನೀರು, ಮೇಲೆ ಮಳೆ ಸುರಿದರೆ ಮಧ್ಯಾಹ್ನ ಸೊಂಟಕ್ಕೆ ಬರಬಹುದು. ಜೊತೆಗೆ ಬರುವ ಗೈಡ್ ನೀರಿನ ಬಣ್ಣ ನೋಡಿ "ಬೇಡ" ಎಂದರೆ ಬೇಡ. ಆಮೇಲೆ ಹುಲ್ಲಿನ ಬೋಳುಗುಡ್ಡಗಳು ಒಂದರ ಹಿಂದೊಂದು ಬರುತ್ತವೆ. ಒಂಟಿಮರ, ಲೋಬೋ ಮನೆ ಎಂಬ ಗುರುತುಗಳು ದಾರಿಯುದ್ದಕ್ಕೂ ಎಲ್ಲರ ಬಾಯಲ್ಲಿ ಓಡಾಡುತ್ತವೆ. ಇದೇ ತುದಿ ಎಂದುಕೊಂಡು ಹತ್ತಿದರೆ ಅದರಾಚೆ ಇನ್ನೊಂದು ತುದಿ ಇರುತ್ತದೆ, ಎರಡು ಮೂರು ಸಲ ಹೀಗೆ ಮೋಸ ಹೋಗಲು ಸಿದ್ಧರಾಗಿರಿ. ತುದಿಗೆ ಹತ್ತಿರ ಶೋಲಾ ಕಾಡೊಂದನ್ನು ಹೊಕ್ಕು ಹೊರಬರುತ್ತೀರಿ. ಬಿಸಿಲಿನಿಂದ ಅದರೊಳಗೆ ಕಾಲಿಟ್ಟ ಕ್ಷಣ ಮೈ ತಣ್ಣಗಾಗುತ್ತದೆ. ಮರಗಳ ಮೈಯೆಲ್ಲ ಪಾಚಿ. ಮಳೆಗಾಲದಲ್ಲಿ ಹೀರಿಟ್ಟುಕೊಂಡ ನೀರನ್ನು ಬೇಸಿಗೆಯಲ್ಲಿ ಹನಿಹನಿಯಾಗಿ ಹಳ್ಳಗಳಿಗೆ ಬಿಡುವುದು ಈ ಗುಡ್ಡದ ಹುಲ್ಲು, ಮಣ್ಣು ಮತ್ತು ಈ ಸಣ್ಣ ಕಾಡುಗಳೇ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಉದ್ಯಾನದೊಳಗಿದೆ.

ನಾನು ಪಾಲಿಸುವ ನಿಯಮ ಒಂದಿದೆ: ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೇನೋ ಅಲ್ಲಿಂದ ಹಿಂದಕ್ಕೆ. ತುದಿ ನೂರು ಮಾರು ದೂರವಿದ್ದರೂ ಹಿಂದಕ್ಕೆ. ಒಮ್ಮೆ ಹಾಗೆ ತಿರುಗಿದಾಗ ಜೊತೆಗಿದ್ದ ಗೆಳೆಯ ಎರಡು ದಿನ ಮಾತು ಬಿಟ್ಟಿದ್ದ. ಮಂಜಿನಲ್ಲಿ ಕತ್ತಲಾದರೆ ಈ ಗುಡ್ಡಗಳೆಲ್ಲ ಒಂದೇ ತರಹ, ದನ ನಡೆದ ದಾರಿ ಯಾವುದು, ಜನ ನಡೆದ ದಾರಿ ಯಾವುದು ತಿಳಿಯುವುದಿಲ್ಲ.

ಕಾಟಿ ಎದುರಾಗುವುದು ಹೆಚ್ಚಾಗಿ ಹುಲ್ಲುಗಾವಲು ಮತ್ತು ಶೋಲಾ ಸೇರುವ ಅಂಚಿನಲ್ಲಿ. ಹಿಂಡು ಇದ್ದರೆ ಅದೇ ಸರಿದು ಹೋಗುತ್ತದೆ. ಒಂಟಿ ಹೋರಿಯಾದರೆ ಮಾತು ನಿಲ್ಲಿಸಿ, ಬೆನ್ನು ತಿರುಗಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಅದು ಮೂಗಿನಿಂದ ಬುಸ್ ಎಂದರೆ ನೀವು ಈಗಾಗಲೇ ಬೇಕಾದ್ದಕ್ಕಿಂತ ಹತ್ತಿರ ಹೋಗಿದ್ದೀರಿ. ಉದ್ಯಾನದ ಕೆಲವು ಭಾಗಗಳಲ್ಲಿ ಆನೆಯ ಓಡಾಟವೂ ಇದೆ. ಗೈಡ್ ದಾರಿ ಬದಲಿಸಿದರೆ ಕಾರಣ ಆಮೇಲೆ ಕೇಳಿ.

ಇದಿಷ್ಟನ್ನು ಬಿಟ್ಟರೆ ಈ ದಿನ ಪ್ರಾಣಿಗಳ ಆಸೆ ಇಟ್ಟುಕೊಳ್ಳಬೇಡಿ. ಹಿಂದೆ ಮುಂದೆ ಇನ್ನೂರು ಮುನ್ನೂರು ಮಂದಿ ಇರುವ ದಾರಿಗೆ ಯಾವ ಕಡವೆ ಬರುತ್ತದೆ? ಕೈಯಲ್ಲಿ ಸ್ಪೀಕರ್ ಹಿಡಿದು ಹಾಡು ಹಾಕಿಕೊಂಡು ಹತ್ತುವವರೂ ಇರುತ್ತಾರೆ. ಅವರನ್ನು ಮುಂದೆ ಹೋಗಲು ಬಿಟ್ಟು, ಅರ್ಧ ಗಂಟೆ ಕೂತು ಬೆಲ್ಲ ತಿನ್ನಿ.

ಕಾಡಿನ ದಿನ

ಎಲ್ಲರೂ ಬಿಟ್ಟು ಹೋಗುವ ದಿನ ಇದು. ಸೋಮವಾರ ಆಫೀಸಿಗೆ ಹೋಗಬೇಕು ಎಂದು ಗುಡ್ಡ ಇಳಿದ ರಾತ್ರಿಯೇ ಬಸ್ಸು ಹಿಡಿಯುತ್ತಾರೆ. ಇನ್ನೊಂದು ದಿನ ರಜೆ ಹಾಕಿ. ಕಾಲು ಹೇಗೂ ಬಿಗಿದುಕೊಂಡಿರುತ್ತದೆ, ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ದಿನವಿಲ್ಲ.

ಉದ್ಯಾನದೊಳಗೆ ಅನುಮತಿಯಿಲ್ಲದೆ ತಿರುಗುವಂತಿಲ್ಲ, ತಿರುಗಬೇಕಾದ ಅಗತ್ಯವೂ ಇಲ್ಲ. ನಡೆಯಲೇಬೇಕು ಎನ್ನುವವರಿಗೆ ಕುರಿಂಜಾಲ್ ಗುಡ್ಡದ ದಾರಿ ಇದೆ. ಕುದುರೆಮುಖದ ತುದಿಗಿಂತ ತುಂಬ ಚಿಕ್ಕದು, ಬಹುಪಾಲು ಮರದ ನೆರಳು, ಜನ ಕಡಿಮೆ. ಅದಕ್ಕೂ ಟಿಕೆಟ್ ಬೇಕು. ನಡೆಯುವುದು ಸಾಕಾದವರು ತಂಗಿದ ಮನೆಯ ಕಾಫಿತೋಟ, ಅಡಿಕೆತೋಟ ಕಾಡಿಗೆ ತಾಗುವ ಅಂಚಿನಲ್ಲಿ ಮನೆಯವರ ಒಪ್ಪಿಗೆ ಕೇಳಿ ಒಂದು ಕಲ್ಲು ಹುಡುಕಿಕೊಳ್ಳಿ. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ಮಾಸಲು ಬಣ್ಣದ ಬಟ್ಟೆ, ಮೊಬೈಲ್ ಸುಮ್ಮನೆ, ನೀವೂ ಸುಮ್ಮನೆ.

ಮೊದಲ ಕಾಲು ಗಂಟೆ ಏನೂ ಆಗುವುದಿಲ್ಲ. ಬಂದವನು ಹೋಗಲಿ ಎಂದು ಕಾಡು ಕಾಯುತ್ತಿರುತ್ತದೆ. ಆಮೇಲೆ ಕಿವಿ ತೆರೆಯುತ್ತದೆ. ಹಳ್ಳದ ಬದಿಯಿಂದ ರಾಗ ಗೊತ್ತಿಲ್ಲದೆ ಸುಮ್ಮನೆ ಸಿಳ್ಳೆ ಹಾಕುವವನ ಹಾಗೆ ಕೇಳುವುದು ಮಲಬಾರ್ ಸಿಳ್ಳಾರ, ನೀಲಿಗಪ್ಪು ಬಣ್ಣದ ಹಕ್ಕಿ. ಕಮ್ಮಾರನ ತಿದಿ ಒತ್ತಿದಂತೆ ಹುಸ್ ಹುಸ್ ಎಂದು ತಲೆಯ ಮೇಲೆ ಸದ್ದು ಸರಿದರೆ ಮಂಗಟ್ಟೆ ಹಾರಿತು ಎಂದು ಅರ್ಥ. ಅದರ ರೆಕ್ಕೆಯ ಸದ್ದು ಹಕ್ಕಿಗಿಂತ ಮೊದಲು ಬರುತ್ತದೆ. ನಾಯಿ ಬೊಗಳಿದಂತೆ ಕಾಡಿನೊಳಗಿನಿಂದ ಒಂದೇ ಸಮನೆ ಕೇಳಿದರೆ ಅದು ನಾಯಿಯಲ್ಲ, ಕಾಡುಕುರಿ ಎಂಬ ಸಣ್ಣ ಜಿಂಕೆ. ಅದು ಏನನ್ನೋ ಕಂಡು ಹೆದರಿದೆ. ಆ 'ಏನನ್ನೋ' ನಿಮಗೆ ಕಾಣುವುದಿಲ್ಲ, ಆದರೆ ಕೈಯ ಕೂದಲು ನಿಮಿರುವುದಕ್ಕೆ ಅದು ಕಾಣಬೇಕೆಂದೇನೂ ಇಲ್ಲ. ಹುಲಿ, ಚಿರತೆ, ಸೀಳುನಾಯಿ ಮೂರೂ ಈ ಕಾಡಿನಲ್ಲಿವೆ. ಹತ್ತಾರು ಬಾರಿ ಬಂದವರಿಗೂ ಕಾಣುವುದು ಅವುಗಳ ಲದ್ದಿಯಷ್ಟೇ: ದಾರಿಯ ನಡುವೆಯೇ, ಕೂದಲು ತುಂಬಿದ, ಒಣಗಿ ಬಿಳಿಚಿದ ಲದ್ದಿ. ಬೀಜಗಳೇ ತುಂಬಿದ್ದರೆ ಕರಡಿಯದ್ದಿರಬಹುದು, ದನದ ಸಗಣಿಯಂತೆ ದೊಡ್ಡದಾಗಿ ಬಿದ್ದಿದ್ದರೆ ಕಾಟಿಯದ್ದು. ಓದಲು ಕಲಿತರೆ ಖಾಲಿ ಕಾಡು ಎಂಬುದು ಇರುವುದಿಲ್ಲ.

ಈ ಉದ್ಯಾನ ಹುಟ್ಟಿದ್ದೇ ಒಂದು ಮಂಗದ ದೆಸೆಯಿಂದ ಎನ್ನಬಹುದು. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿ, ಈ ಕಾಡನ್ನು ಉಳಿಸಬೇಕೆಂದು ಸೂಚಿಸಿದರು. 1987ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಸಿಂಗಳೀಕ ಜಗತ್ತಿನ ಬೇರೆಲ್ಲೂ ಇಲ್ಲ. ಅದನ್ನು ಹುಡುಕಬೇಕಾದದ್ದು ಬೋಳುಗುಡ್ಡದಲ್ಲಲ್ಲ, ಪಶ್ಚಿಮದ ಇಳಿಜಾರಿನ ದಟ್ಟ ಕಾಡಿನ ಎತ್ತರದ ಮರಗಳಲ್ಲಿ. ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಿ. ಬಹಳ ಮಂದಿ ಮುಸುವ ಕಂಡು ಸಿಂಗಳೀಕ ಕಂಡೆವೆಂದು ಹಿಗ್ಗುತ್ತಾರೆ. ಮುಸುವದ ಮೈ ಬೂದು, ಮುಖ ಕಪ್ಪು, ಬಾಲ ಉದ್ದ. ಸಿಂಗಳೀಕದ ಮೈಯೇ ಕಪ್ಪು, ಕಪ್ಪು ಮುಖದ ಸುತ್ತ ಬೂದುಬಿಳಿಯ ಕೇಸರ, ಬಾಲದ ತುದಿಯಲ್ಲಿ ಸಿಂಹದ ಬಾಲದಂತೆ ಸಣ್ಣ ಕುಚ್ಚು. ಮುಸುವದ ಜಿಗಿತ ಸರ್ಕಸ್ಸಿನಂತೆ. ಸಿಂಗಳೀಕ ಮರದಿಂದ ಮರಕ್ಕೆ ಲೆಕ್ಕ ಹಾಕಿ ದಾಟುವ ಗಂಭೀರ ಆಸಾಮಿ.

ನನಗೆ ಸಿಂಗಳೀಕ ಕಂಡದ್ದು ಐದನೆಯ ಸಲ. ಮೊದಲು ಕೇಳಿಸಿದ್ದು ಹಣ್ಣಿನ ಸಿಪ್ಪೆ ತಪತಪನೆ ಉದುರುವ ಸದ್ದು. ತಲೆಯೆತ್ತಿದರೆ ಹೆಬ್ಬಲಸಿನ ಮರದಲ್ಲಿ ಏಳೆಂಟು. ಅವುಗಳಲ್ಲೊಂದು ಮರಿಯನ್ನು ಹೊಟ್ಟೆಗೆ ಅವುಚಿಕೊಂಡು, ನನ್ನನ್ನು ಒಮ್ಮೆ ನೋಡಿ, ನೋಡಲು ತಕ್ಕದ್ದೇನೂ ಇಲ್ಲ ಎಂಬಂತೆ ತಿನ್ನುವುದನ್ನು ಮುಂದುವರಿಸಿತು. ಇಪ್ಪತ್ತು ನಿಮಿಷ ಕುತ್ತಿಗೆ ನೋಯುವವರೆಗೆ ನೋಡಿದೆ. ಫೋಟೊ ಒಂದೂ ಸರಿಯಾಗಿ ಬರಲಿಲ್ಲ, ಎಲ್ಲವೂ ಎಲೆಗಳ ನಡುವಿನ ಕಪ್ಪು ಚುಕ್ಕೆ.

ಘಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯಬೇಡಿ. ರಸ್ತೆಗೆ ಇಳಿಯಲು ಕಲಿತ ಮಂಗ ಮುಂದಿನ ವಾಹನದ ಚಕ್ರಕ್ಕೆ ಸಿಗುತ್ತದೆ. ಇದನ್ನು ಮೃದುವಾಗಿ ಹೇಳಲು ನನಗೆ ಬರುವುದಿಲ್ಲ.

ಬಿಸಿಲೇರಿದ ಮೇಲೆ ಹೊತ್ತು ಕಳೆಯಲು ಹನುಮಾನ್‌ಗುಂಡಿಯ ಜಲಪಾತಕ್ಕೆ ಹೋಗಬಹುದು. ಮೆಟ್ಟಿಲು ಇಳಿಯುವಾಗ ಹಿಂದಿನ ದಿನದ ಮಂಡಿ ನೆನಪಾಗುತ್ತದೆ, ಅಷ್ಟೇ. ಅದಕ್ಕಿಂತ ನಾನು ಹೇಳುವುದು ಕುದುರೆಮುಖ ಪಟ್ಟಣದ ಮೂಲಕ ಒಮ್ಮೆ ನಿಧಾನವಾಗಿ ಹಾದುಹೋಗಿ ಎಂದು. 1976ರಲ್ಲಿ ಶುರುವಾದ ಕಬ್ಬಿಣದ ಅದಿರಿನ ಕಂಪನಿಗಾಗಿ ಎದ್ದ ಊರು ಅದು. ಅದಿರನ್ನು ಪುಡಿ ಮಾಡಿ, ನೀರಿನೊಂದಿಗೆ ಕಲಸಿ, ಘಟ್ಟದ ಕೆಳಗೆ ಮಂಗಳೂರಿನ ಪಣಂಬೂರಿನವರೆಗೆ ಕೊಳವೆಯಲ್ಲಿ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಕಟ್ಟಿದ್ದು ಲಕ್ಯಾ ಅಣೆಕಟ್ಟು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಖಾಲಿ ಮನೆಗಳ ಸಾಲು, ಹುಲ್ಲು ಹಬ್ಬಿದ ಅಂಗಳಗಳನ್ನು ನೋಡುವಾಗ ಕೆಲಸ ಕಳೆದುಕೊಂಡು ಹೋದ ಕುಟುಂಬಗಳೂ ನೆನಪಾಗುತ್ತವೆ, ಹಿಂದಿರುಗಿ ಬಂದ ಕಾಡೂ ಕಾಣುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಹೊರಡುವ ಮೊದಲು

ತಂಗಿದ ಮನೆಯಲ್ಲಿ ಕಾಳುಮೆಣಸು, ಕಾಫಿಪುಡಿ, ಜೇನು ಮಾರಾಟಕ್ಕಿದ್ದರೆ ಕೊಳ್ಳಿ. ಗೈಡಿಗೆ ಮಾತಾಡಿದ ಹಣದ ಮೇಲೆ ಸ್ವಲ್ಪ ಕೈಯೆತ್ತಿ ಕೊಡಿ. ನೀವು ಏನು ಕಂಡಿರಿ, ಎಲ್ಲಿ ಕಂಡಿರಿ ಎಂದು ಮನೆಯವರಿಗೆ ಹೇಳಿ, ಅವರು ಅದಕ್ಕೆ ಇನ್ನೆರಡು ಸೇರಿಸಿ ಹೇಳುತ್ತಾರೆ. ಆದರೆ ಸಿಂಗಳೀಕದ ಮರ ಎಲ್ಲಿತ್ತೆಂದು ನಕ್ಷೆಯ ಗುರುತಿನೊಂದಿಗೆ ಮೊಬೈಲಿನಲ್ಲಿ ಹಂಚಬೇಡಿ. ಮುಂದಿನ ಭಾನುವಾರ ಆ ಮರದ ಬುಡದಲ್ಲಿ ಹತ್ತು ಕಾರು ನಿಂತಿರುತ್ತವೆ.

ಚೀಲವನ್ನು ಅಂಗಳದಲ್ಲೇ ಬಿಚ್ಚಿ ಕೊಡವಿ. ಶೂಗಳ ಒಳಗೆ, ಕಾಲುಚೀಲದ ಮಡಿಕೆಯಲ್ಲಿ, ಕಾರಾದರೆ ಕಾಲಡಿಯ ಮ್ಯಾಟಿನ ಕೆಳಗೆ ನೋಡಿ. ಕಳೆದ ಬಾರಿ ನಾನು ಇದನ್ನು ಮರೆತೆ. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತು, ನೀರುದೋಸೆ ತಿಂದು ಮರಳಿ ಸೀಟಿನಲ್ಲಿ ಕುಳಿತಾಗ ಪಕ್ಕದ ಹಿರಿಯರು ನನ್ನ ಅಂಗಿಯ ಕಾಲರಿನ ಕಡೆ ಬೆರಳು ತೋರಿಸಿದರು. ನಾನು ಗಾಬರಿಯಿಂದ ತಡಕಾಡುತ್ತಿದ್ದರೆ ಅವರು ಎರಡು ಬೆರಳಿನಲ್ಲಿ ಇಂಬಳವನ್ನು ಎತ್ತಿ, ಕಿಟಕಿಯಿಂದ ಹೊರಗೆ ಒದ್ದೆ ಹುಲ್ಲಿನ ಮೇಲೆ ಬಿಟ್ಟರು. "ಅದು ಬೆಂಗಳೂರಿಗೆ ಬಂದು ಏನು ಮಾಡುತ್ತದೆ ಪಾಪ" ಎಂದು ಹೇಳಿ, ಟವೆಲಿನಲ್ಲಿ ಕೈ ಒರೆಸಿಕೊಂಡು ಕಣ್ಣು ಮುಚ್ಚಿದರು.